ಪೆಟ್ಟಿಗೆ ಹಾಡಬಾರದು: ಮನೆಯಲ್ಲೇ ಕಟ್ಟಿದ ಟವರ್ ಸ್ಪೀಕರ್

"ಈ ಸಲ ಏನಾದ್ರೂ ಟೆಕ್ನಿಕಲ್ ಬರಿ, ಆದ್ರೆ ಕನ್ನಡದಲ್ಲೇ ಬರಿ" ಅಂತ ಸಂಘದ ಸೀನಿಯರ್ಸ್ ಹೇಳಿದಾಗ ನಾನು ಸ್ವಲ್ಪ ಹೆದರಿದೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ನಾನು. ಕನ್ನಡದಲ್ಲಿ ಜಗಳ ಆಡೋಕೆ ಬರುತ್ತೆ, ಲೆಕ್ಕ ಬಿಡಿಸೋಕೆ ಬರಲ್ಲ. ಆದರೆ ಕಳೆದ ರಜೆಯಲ್ಲಿ ಒಂದು ಟವರ್ ಸ್ಪೀಕರ್ ಪೆಟ್ಟಿಗೆ ಕಟ್ಟುವಾಗ ಅದರ ಲೆಕ್ಕವನ್ನೆಲ್ಲ ಅಮ್ಮನಿಗೆ, ಮಾವನಿಗೆ, ಮರಗೆಲಸದ ಆಚಾರ್ರಿಗೆ ಕನ್ನಡದಲ್ಲೇ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ನನಗೂ ಅರ್ಥ ಆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದಿ ಮುಗಿಸಿದ ಮೇಲೆ ನೀವೂ ಒಂದು ಕಟ್ಟಬಹುದು. ನಾನು ಮಾಡಿದ ತಪ್ಪುಗಳನ್ನು ಮಾತ್ರ ಮತ್ತೆ ಮಾಡಬೇಡಿ.

ಗಡಿಗೆ ಮೇಲಿನ ಸ್ಪೀಕರ್

ನಮ್ಮ ಮನೆ ಮದ್ದೂರಿನಲ್ಲಿ. ಅಮ್ಮನ ತವರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ತಯಾರಾಗಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಕ್ಕಪಕ್ಕದ ಎಷ್ಟೋ ಹಳ್ಳಿಗಳ ಮನೆಯೊಳಗೆ ಬರೋಕೆ ಮಾತ್ರ ಬಹಳ ವರ್ಷ ಬೇಕಾಯಿತು. ಅದಕ್ಕೇ ಮಾವನ ಟೇಪ್ ರೆಕಾರ್ಡರ್ ಮೊದಲು ಸೆಲ್ ಹಾಕಿಕೊಂಡೇ ಓಡುತ್ತಿತ್ತಂತೆ. ಅದರ ಸದ್ದು ಸಾಲದು ಅಂತ ಮಾವ ಒಂದು ಬಿಡಿ ಸ್ಪೀಕರ್ ತಂದು, ವೈರ್ ಎಳೆದು, ಅಜ್ಜಿಯ ಮಣ್ಣಿನ ಗಡಿಗೆಯ ಬಾಯಿ ಮೇಲೆ ಮಲಗಿಸಿದ್ದರು. ನಮ್ಮ ಕಡೆಯ ಹಳ್ಳಿಗಳಲ್ಲಿ ಇದನ್ನು ನೋಡದವರು ಕಡಿಮೆ. ನಿಮ್ಮ ಅಪ್ಪನನ್ನೋ ಚಿಕ್ಕಪ್ಪನನ್ನೋ ಕೇಳಿ ನೋಡಿ, "ಹೂಂ, ನಾವೂ ಇಟ್ಟಿದ್ವಿ, ಏನ್ ಬೇಸ್ ಬರೋದು ಗೊತ್ತಾ" ಅಂತಾರೆ.

ಆ ಟೇಪ್ ರೆಕಾರ್ಡರ್‌ನಲ್ಲೇ ಮಾವ ಚಿಕ್ಕಮ್ಮನ ಮದುವೆ ಹಿಂದಿನ ರಾತ್ರಿ ಚಪ್ಪರದಡಿ ಅಜ್ಜಿ ಮತ್ತು ಊರಿನ ಹೆಂಗಸರು ಹಾಡಿದ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿದ್ದರು. ಅಜ್ಜಿ ಹೋಗಿ ನಾಲ್ಕು ವರ್ಷ ಆಯಿತು. ಈಗ ಉಳಿದಿರೋದು ಆ ಒಂದು ಕ್ಯಾಸೆಟ್. ಕಳೆದ ವರ್ಷ ಅದನ್ನು ಫೋನ್‌ಗೆ ಇಳಿಸಿಕೊಂಡೆ. ಫೋನಿನ ಸ್ಪೀಕರ್‌ನಲ್ಲಿ ಕೇಳಿದ ಅಮ್ಮ, "ಇದೇನು ಸೊಳ್ಳೆ ಹಾಡ್ದಂಗೈತೆ" ಅಂದರು. ಅವತ್ತೇ ನಿರ್ಧಾರ ಮಾಡಿದೆ, ಇದಕ್ಕೊಂದು ಸರಿಯಾದ ಸ್ಪೀಕರ್ ಕಟ್ಟಬೇಕು ಅಂತ. ಕ್ಯಾಸೆಟ್ ಮೊನೊ, ಹಾಗಾಗಿ ಒಂದೇ ಟವರ್ ಸಾಕು.

ಸ್ಪೀಕರ್‌ಗೆ ಪೆಟ್ಟಿಗೆ ಯಾಕೆ ಬೇಕು?

ಗಡಿಗೆಯಿಂದಲೇ ಶುರು ಮಾಡೋಣ. ಬಿಡಿ ಸ್ಪೀಕರ್‌ನ ಕೋನ್ ಮುಂದಕ್ಕೆ ಹೋದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ಅಂದರೆ ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದಕ್ಕೊಂದು ಉಲ್ಟಾ. ಹೈ ಫ್ರೀಕ್ವೆನ್ಸಿಯಲ್ಲಿ ಇದು ಅಷ್ಟು ತೊಂದರೆ ಕೊಡಲ್ಲ, ಯಾಕಂದರೆ ಅಲೆ ಚಿಕ್ಕದು, ಮುಂದಿನದು ಮುಂದೆ ಹೋಗುತ್ತದೆ. ಆದರೆ 50 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 7 ಮೀಟರ್. ಅದಕ್ಕೆ ಆರೂವರೆ ಇಂಚಿನ ಸ್ಪೀಕರ್ ಒಂದು ಅಡ್ಡಿಯೇ ಅಲ್ಲ. ಹಿಂದಿನ ಅಲೆ ಆರಾಮಾಗಿ ಸುತ್ತಿಕೊಂಡು ಮುಂದೆ ಬಂದು ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ. ಬೇಸ್ ಮಾಯ.

ಗಡಿಗೆ ಮಾಡಿದ ಕೆಲಸ ಇಷ್ಟೇ: ಹಿಂದಿನ ಅಲೆಯನ್ನು ಒಳಗೆ ಹಿಡಿದಿಟ್ಟಿತು. ಇದಕ್ಕೆ ಕ್ಲೋಸ್ಡ್ ಬಾಕ್ಸ್ ಅನ್ನುತ್ತಾರೆ. ಗಡಿಗೆಯ ದಪ್ಪ ಗೋಡೆ, ದುಂಡನೆ ಆಕಾರ ಎರಡೂ ಒಳ್ಳೆಯದು. ದುಂಡಗಿರುವುದು ಚಪ್ಪಟೆ ಹಲಗೆಯಂತೆ ಸುಲಭವಾಗಿ ನಡುಗಲ್ಲ.

ಎರಡನೇ ದಾರಿ ಹಿಂದಿನ ಅಲೆಯನ್ನು ಬಿಸಾಡದೆ ಉಪಯೋಗಿಸಿಕೊಳ್ಳೋದು. ಖಾಲಿ ಬಾಟಲಿಯ ಬಾಯಿಗೆ ಊದಿದರೆ 'ಭೋ' ಅನ್ನುತ್ತೆ ಅಲ್ವಾ? ಬಾಟಲಿಯ ಕತ್ತಿನಲ್ಲಿರುವ ಗಾಳಿ ಒಂದು ತೂಕದ ಥರ, ಹೊಟ್ಟೆಯಲ್ಲಿರುವ ಗಾಳಿ ಒಂದು ಸ್ಪ್ರಿಂಗ್ ಥರ. ತೂಕ ಮತ್ತು ಸ್ಪ್ರಿಂಗ್ ಸೇರಿದರೆ ಒಂದು ನಿರ್ದಿಷ್ಟ ಫ್ರೀಕ್ವೆನ್ಸಿಯಲ್ಲಿ ಅಲ್ಲಾಡುತ್ತವೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೆಸರಿನಲ್ಲಿ ಇದನ್ನು ಹೆಲ್ಮ್‌ಹೋಲ್ಟ್ಸ್ ರೆಸೊನೇಟರ್ ಅಂತೀವಿ. ಘಟಂ ನುಡಿಸುವವರು ಬಾಯಿಯನ್ನು ಹೊಟ್ಟೆಗೆ ಒತ್ತಿ ನಾದ ಬದಲಿಸುವುದರಲ್ಲೂ ಇರೋದು ಇದೇ ತತ್ವ. ಸ್ಪೀಕರ್ ಪೆಟ್ಟಿಗೆಗೆ ಒಂದು ಕೊಳವೆ ಇಟ್ಟು, ಅದರ ಗಾಳಿ ಸರಿಯಾದ ಫ್ರೀಕ್ವೆನ್ಸಿಯಲ್ಲಿ ಅಲ್ಲಾಡುವಂತೆ ಮಾಡಿದರೆ, ಕೋನ್ ಸುಸ್ತಾಗುವ ಜಾಗದಲ್ಲಿ ಕೊಳವೆ ಬೇಸ್ ಕೊಡುತ್ತದೆ. ಇದಕ್ಕೆ ಬೇಸ್ ರಿಫ್ಲೆಕ್ಸ್ ಅಂತ ಹೆಸರು. ನಾನು ಕಟ್ಟಿದ್ದು ಇದನ್ನೇ.

ಮೊದಲ ಪೆಟ್ಟಿಗೆ, ಅಮ್ಮನ ತೀರ್ಪು

ಮೊದಲನೇ ಸಲ ನಾನು ಯಾವ ಲೆಕ್ಕವನ್ನೂ ಮಾಡಲಿಲ್ಲ. ಒಂದು ಆರೂವರೆ ಇಂಚಿನ 8 ಓಮ್ ವೂಫರ್ ತಂದೆ, ಒಂದು ಡೋಮ್ ಟ್ವೀಟರ್ ತಂದೆ (ಫ್ಲೇಂಜ್ ಸೇರಿ ಹೆಚ್ಚುಕಮ್ಮಿ ಮದ್ದೂರು ವಡೆಯಷ್ಟು ಅಗಲ). ಮನೆಯಲ್ಲಿ ಹಳೇ ಟಿವಿ ಸ್ಟ್ಯಾಂಡಿನ 12 ಎಂಎಂ ಪಾರ್ಟಿಕಲ್ ಬೋರ್ಡ್ ಇತ್ತು. ಯಾರದೋ ಟವರ್ ಫೋಟೊ ನೋಡಿ ಕಣ್ಣಳತೆಯಲ್ಲಿ ಕುಯ್ದೆ. ಒಳ ಎತ್ತರ ಸುಮಾರು 84 ಸೆಂ.ಮೀ. ಬಂತು. ಕೊಳವೆಯನ್ನು ಚೆಂದ ಕಾಣಲಿ ಅಂತ ಕೆಳಗೆ ಮುಂಭಾಗದಲ್ಲಿ ಇಟ್ಟೆ. ಒಳಗೆ ಏನೂ ತುಂಬಲಿಲ್ಲ.

ಹೊಸ ಸಿನಿಮಾ ಹಾಡು ಹಾಕಿದರೆ ಎದೆ ನಡುಗಿತು. ನಾನು ಫುಲ್ ಖುಷ್. ಫ್ರೆಂಡ್ಸ್ ಬಂದು ಕೇಳಿ "ಮಗಾ, ಸೂಪರ್" ಅಂದರು. ಆಮೇಲೆ ಅಜ್ಜಿಯ ಸೋಬಾನೆ ಹಾಕಿದೆ. ಅಮ್ಮ ಚಾಪೆ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದರು. ಅರ್ಧ ಹಾಡು ಕೇಳಿ, ಕೈ ನಿಲ್ಲಿಸಿ, "ಇದು ನಮ್ಮವ್ವನ ದನಿ ಅಲ್ಲ ಕಣ್ಲಾ. ಬಾವಿ ಒಳಗೆ ಕುಂತ್ಕಂಡು ಹಾಡ್ದಂಗೈತೆ. ಆಫ್ ಮಾಡು" ಅಂದರು.

ಬೇಜಾರಾಯಿತು. ಆದರೆ ಅಮ್ಮ ಹೇಳಿದ್ದು ಅಕ್ಷರಶಃ ಸರಿ ಅಂತ ಗೊತ್ತಾಗೋಕೆ ಎರಡು ವಾರ ಬೇಕಾಯಿತು. ಅದು ನಿಜವಾಗಿಯೂ ಬಾವಿಯೇ. ಅದಕ್ಕೆ ಮುಂದೆ ಬರುತ್ತೇನೆ. ಮೊದಲು ಅಳತೆ.

ಕುಯ್ಯುವ ಮುಂಚೆ ಅಳೆಯಿರಿ

1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಎಂಬ ಎಂಜಿನಿಯರ್ ಸ್ಪೀಕರ್ ಮತ್ತು ಪೆಟ್ಟಿಗೆ ಎರಡನ್ನೂ ಸೇರಿಸಿ ಒಂದು ಫಿಲ್ಟರ್ ಸರ್ಕ್ಯೂಟ್‌ನಂತೆ ಲೆಕ್ಕ ಮಾಡಬಹುದು ಅಂತ ತೋರಿಸಿದರು. 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಅದಕ್ಕೇ ಈ ಅಳತೆಗಳಿಗೆ ಥೀಲ್-ಸ್ಮಾಲ್ ಪ್ಯಾರಾಮೀಟರ್ ಅಂತ ಹೆಸರು. ನಮಗೆ ಮುಖ್ಯವಾಗಿ ಬೇಕಾದದ್ದು ಮೂರು:

ಎಫ್‌ಎಸ್: ಬಿಡಿ ವೂಫರ್ ತಾನಾಗೇ ಅಲ್ಲಾಡಲು ಇಷ್ಟಪಡುವ ಫ್ರೀಕ್ವೆನ್ಸಿ.
ಕ್ಯೂಟಿಎಸ್: ಆ ಅಲ್ಲಾಟ ಎಷ್ಟು ಬೇಗ ನಿಲ್ಲುತ್ತದೆ ಅನ್ನುವ ಅಳತೆ. ಕಡಿಮೆ ಇದ್ದಷ್ಟೂ ಹಿಡಿತ ಜಾಸ್ತಿ.
ವಾಸ್: ವೂಫರ್‌ನ ಸಸ್ಪೆನ್ಶನ್ ಎಷ್ಟು ಮೆತ್ತಗಿದೆಯೋ ಅಷ್ಟೇ ಮೆತ್ತಗಿರುವ ಗಾಳಿಯ ಪ್ರಮಾಣ, ಲೀಟರ್‌ನಲ್ಲಿ.

ಒಳ್ಳೆಯ ಕಂಪನಿಯ ವೂಫರ್ ಜೊತೆ ಈ ಅಂಕಿಗಳ ಹಾಳೆ ಬರುತ್ತದೆ. ನನ್ನದರ ಜೊತೆ ಬಂದದ್ದು ಬರೀ ಥರ್ಮಾಕೋಲ್. ಹಾಗಾಗಿ ಲ್ಯಾಬ್‌ನಲ್ಲಿ ಪರ್ಮಿಶನ್ ತಗೊಂಡು ನಾನೇ ಅಳೆದೆ. ಬೇಕಾದದ್ದು ಫಂಕ್ಷನ್ ಜನರೇಟರ್, 1000 ಓಮ್ ರೆಸಿಸ್ಟರ್, ಒಳ್ಳೆಯ ಮಲ್ಟಿಮೀಟರ್.

ಜನರೇಟರ್‌ನಿಂದ 1000 ಓಮ್ ರೆಸಿಸ್ಟರ್ ಮೂಲಕ ವೂಫರ್‌ಗೆ ಕೊಡಿ. ಮೊದಲು ವೂಫರ್ ಜಾಗದಲ್ಲಿ 10 ಓಮ್ ರೆಸಿಸ್ಟರ್ ಇಟ್ಟು, ಅದರ ಮೇಲೆ 10 ಮಿಲಿವೋಲ್ಟ್ ಬರುವ ಹಾಗೆ ಜನರೇಟರ್ ಹೊಂದಿಸಿ. ಆಮೇಲೆ ವೂಫರ್ ಹಾಕಿದರೆ ಮೀಟರ್ ಎಷ್ಟು ಮಿಲಿವೋಲ್ಟ್ ತೋರಿಸುತ್ತದೋ ಇಂಪೀಡೆನ್ಸ್ ಹೆಚ್ಚುಕಮ್ಮಿ ಅಷ್ಟು ಓಮ್. ವೂಫರ್ ಅನ್ನು ಟೇಬಲ್ ಮೇಲೆ ಬೋರಲು ಹಾಕಬೇಡಿ, ಸುತ್ತ ಗಾಳಿ ಇರುವ ಹಾಗೆ ಹಿಡಿದು ನಿಲ್ಲಿಸಿ.

ನನಗೆ ಸಿಕ್ಕ ಅಂಕಿಗಳು: ಡಿಸಿ ರೆಸಿಸ್ಟೆನ್ಸ್ 6.2 ಓಮ್. ಫ್ರೀಕ್ವೆನ್ಸಿ ಏರಿಸುತ್ತಾ ಹೋದರೆ 45 ಹರ್ಟ್ಸ್‌ನಲ್ಲಿ ಇಂಪೀಡೆನ್ಸ್ 50 ಓಮ್‌ಗೆ ಏರಿ ಮತ್ತೆ ಇಳಿಯಿತು. ಆ ಶಿಖರವೇ ಎಫ್‌ಎಸ್. ಅಂದರೆ 45 ಹರ್ಟ್ಸ್.

ಈಗ 6.2 ಮತ್ತು 50ನ್ನು ಗುಣಿಸಿ ವರ್ಗಮೂಲ ತೆಗೆಯಿರಿ: 17.6 ಓಮ್. ಶಿಖರದ ಎರಡೂ ಬದಿಯಲ್ಲಿ ಇಂಪೀಡೆನ್ಸ್ 17.6 ಆಗುವ ಜಾಗ ಹುಡುಕಿ. ನನಗೆ 29.4 ಮತ್ತು 69 ಹರ್ಟ್ಸ್ ಸಿಕ್ಕಿತು. ಒಂದು ಚೆಕ್: ಇವೆರಡನ್ನು ಗುಣಿಸಿ ವರ್ಗಮೂಲ ತೆಗೆದರೆ ಎಫ್‌ಎಸ್ ಬರಬೇಕು. 45 ಬಂತು, ಸರಿ.

50 ÷ 6.2 = 8.06. ಇದರ ವರ್ಗಮೂಲ 2.84.
ಮೆಕ್ಯಾನಿಕಲ್ ಕ್ಯೂ = 45 × 2.84 ÷ (69 − 29.4) = 3.23.
ಕ್ಯೂಟಿಎಸ್ = 3.23 ÷ 8.06 = 0.40.

ಎರಡು ಆಯಿತು. ಉಳಿದದ್ದು ವಾಸ್. ಇದಕ್ಕೆ ಅಳತೆ ಗೊತ್ತಿರುವ, ಗಾಳಿಯಾಡದ ಒಂದು ಪೆಟ್ಟಿಗೆ ಬೇಕು.

ಗಡಿಗೆ ಮತ್ತೆ ಬಂತು

ಪರೀಕ್ಷೆಗೆ ಅಂತಲೇ ಒಂದು ಪೆಟ್ಟಿಗೆ ಕಟ್ಟೋಕೆ ಸೋಮಾರಿತನ. ಮಾವನಿಗೆ ಫೋನ್ ಮಾಡಿ "ಮಾವ, ಆ ಗಡಿಗೆ ಇನ್ನೂ ಇದ್ಯಾ?" ಅಂದೆ. "ಅಟ್ಟದ ಮೇಲೈತೆ, ಯಾಕ್ಲಾ ಅಳಿಯ?" ಅಂದರು. ಮಳವಳ್ಳಿ ಬಸ್ ಹತ್ತಿದೆ.

ಪೆಟ್ಟಿಗೆಯ ವಾಲ್ಯೂಮ್ ಅಳೆಯೋಕೆ ಗಡಿಗೆಗಿಂತ ಸುಲಭದ್ದು ಇನ್ನೊಂದಿಲ್ಲ. ಲೀಟರ್ ಬಾಟಲಿಯಲ್ಲಿ ನೀರು ಸುರಿದರೆ ಆಯಿತು. 12 ಲೀಟರ್ ಹಿಡಿಯಿತು. ಎರಡು ದಿನ ಬಿಸಿಲಿಗೆ ಒಣಗಿಸಿ, ಬಾಯಿಗೆ ವೂಫರ್ ಕೂರಿಸಿ, ಸುತ್ತ ಸಂದು ಬಿಡದಂತೆ ಚಪಾತಿ ಹಿಟ್ಟು ಮೆತ್ತಿದೆ. ಅತ್ತೆ ನಕ್ಕಿದ್ದು ನೋಡಬೇಕಿತ್ತು. ಮತ್ತೆ ಅದೇ ಇಂಪೀಡೆನ್ಸ್ ಪರೀಕ್ಷೆ, ಈ ಸಲ ಲ್ಯಾಪ್‌ಟಾಪ್‌ನ ಆಡಿಯೊ ಔಟ್‌ಪುಟ್ ಬಳಸಿ. ಶಿಖರ 45ರಿಂದ 79 ಹರ್ಟ್ಸ್‌ಗೆ ಏರಿತ್ತು. ಒಳಗೆ ಸಿಕ್ಕಿಕೊಂಡ ಗಾಳಿ ಕೋನ್‌ಗೆ ಇನ್ನೊಂದು ಸ್ಪ್ರಿಂಗ್ ಆಗಿ ಸೇರಿಕೊಂಡದ್ದರಿಂದ ಹೀಗೆ ಏರುತ್ತದೆ. ಎಷ್ಟು ಏರಿತು ಅನ್ನೋದರಿಂದ ವಾಸ್ ಸಿಗುತ್ತದೆ:

ವಾಸ್ = 12 × [(79 ÷ 45)ರ ವರ್ಗ − 1] = 12 × 2.08 = 25 ಲೀಟರ್.

ಇಲ್ಲೊಂದು ಮಜಾ ಇದೆ. ಕ್ಲೋಸ್ಡ್ ಬಾಕ್ಸ್‌ನಲ್ಲಿ ಒಟ್ಟು ಕ್ಯೂ ಕೂಡ ಅದೇ ಪಟ್ಟು ಏರುತ್ತದೆ: 0.40 × 79 ÷ 45 = 0.70. ಕಂಟ್ರೋಲ್ ಸಿಸ್ಟಮ್ಸ್ ಅಥವಾ ಫಿಲ್ಟರ್ ಓದಿದವರಿಗೆ ಈ ಅಂಕಿ ನೋಡಿದ ತಕ್ಷಣ ಹೊಳೆಯುತ್ತದೆ. 0.707 ಅಂದರೆ ಬಟರ್‌ವರ್ತ್, ಎಲ್ಲೂ ಉಬ್ಬದ ಅತಿ ಸಮತಟ್ಟು ರೆಸ್ಪಾನ್ಸ್. ನನ್ನ ವೂಫರ್‌ಗೆ ಅಜ್ಜಿಯ ಗಡಿಗೆ ಆಕಸ್ಮಿಕವಾಗಿ ಪುಸ್ತಕದಲ್ಲಿ ಹೇಳಿದಂಥ ಕ್ಲೋಸ್ಡ್ ಬಾಕ್ಸ್! ಮಾವನ ಕಾಲದ ಸ್ಪೀಕರ್ ಬೇರೆ, ಅದಕ್ಕೆ ಎಷ್ಟು ಹೊಂದುತ್ತಿತ್ತೋ ಬೇರೆ ಮಾತು. ಆದರೆ ಗಡಿಗೆಯಲ್ಲಿ ನನ್ನ ವೂಫರ್‌ನ ಬೇಸ್ 79 ಹರ್ಟ್ಸ್‌ನಿಂದ ಕೆಳಗೆ ಜಾರಿಬಿಡುತ್ತದೆ. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಬೇಸ್ ರಿಫ್ಲೆಕ್ಸ್ ಬೇಕು.

ಪೆಟ್ಟಿಗೆಯ ಲೆಕ್ಕ

ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದಾದ ಮೂರು ಅಂದಾಜು ಸೂತ್ರಗಳಿವೆ. ಕ್ಯೂಟಿಎಸ್ 0.4ರ ಆಸುಪಾಸು ಇದ್ದರೆ ಚೆನ್ನಾಗಿ ಹೊಂದುತ್ತವೆ.

ಪೆಟ್ಟಿಗೆಯ ವಾಲ್ಯೂಮ್ = 15 × ವಾಸ್ × (ಕ್ಯೂಟಿಎಸ್‌ನ 2.87ನೇ ಘಾತ) = 15 × 25 × 0.072 = 27 ಲೀಟರ್.
ಕೊಳವೆಯ ಟ್ಯೂನಿಂಗ್ = 0.42 × ಎಫ್‌ಎಸ್ × (ಕ್ಯೂಟಿಎಸ್‌ನ −0.9ನೇ ಘಾತ) = 43 ಹರ್ಟ್ಸ್.
ಬೇಸ್ 3 ಡೆಸಿಬೆಲ್ ಇಳಿಯುವ ಜಾಗ = 0.26 × ಎಫ್‌ಎಸ್ × (ಕ್ಯೂಟಿಎಸ್‌ನ −1.4ನೇ ಘಾತ) = 42 ಹರ್ಟ್ಸ್.

ಗಡಿಗೆಯ 79 ಎಲ್ಲಿ, 42 ಎಲ್ಲಿ! ಹೆಚ್ಚುಕಮ್ಮಿ ಒಂದು ಆಕ್ಟೇವ್ ಕೆಳಗೆ.

ವೂಫರ್‌ನ ಬೆನ್ನು, ಕೊಳವೆ, ಒಳಗಿನ ಪಟ್ಟಿಗಳು ನುಂಗುವ ಜಾಗಕ್ಕೆ 3 ಲೀಟರ್ ಸೇರಿಸಿದೆ. ಒಟ್ಟು 30 ಲೀಟರ್. ಒಳ ಅಳತೆ: ಅಗಲ 18, ಆಳ 20, ಎತ್ತರ 84 ಸೆಂ.ಮೀ. ಎತ್ತರ ಅಷ್ಟೇ ಯಾಕೆ ಅಂದರೆ ಅಮ್ಮ ಕೇಳೋದು ಚಾಪೆ ಮೇಲೆ ಕೂತು. ಟ್ವೀಟರ್ ಕಿವಿಯ ಮಟ್ಟದಲ್ಲಿ ಇರಬೇಕು, ಅಂದರೆ ನೆಲದಿಂದ ಸುಮಾರು 78 ಸೆಂ.ಮೀ. ನೀವು ಕುರ್ಚಿ ಮೇಲೆ ಕೂತು ಕೇಳೋರಾದರೆ ಇನ್ನೂ ಸ್ವಲ್ಪ ಎತ್ತರ ಬೇಕು.

ಕೊಳವೆಗೆ ಮಂಡ್ಯದಲ್ಲಿ ಬರವಿಲ್ಲ. ಗದ್ದೆಗೆ ನೀರು ಹಾಯಿಸುವ ಪಿವಿಸಿ ಪೈಪ್ ಮಾರುವ ಯಾವ ಅಂಗಡಿಗೆ ಹೋದರೂ ತುಂಡು ಪೈಪ್ ಸಿಗುತ್ತದೆ. ಒಂದು ವಿಷಯ ಗಮನಿಸಿ: 63 ಎಂಎಂ ಪೈಪ್ ಅಂದರೆ ಅದು ಹೊರವ್ಯಾಸ. ನಾನು ತಂದ ಪೈಪಿನ ಒಳವ್ಯಾಸ ವರ್ನಿಯರ್‌ನಲ್ಲಿ 59 ಎಂಎಂ ಬಂತು. 63 ಅಂತಲೇ ಲೆಕ್ಕ ಹಾಕಿದ್ದರೆ ಬಾಯಿಯ ವಿಸ್ತೀರ್ಣ 14% ತಪ್ಪುತ್ತಿತ್ತು.

ಒಳವ್ಯಾಸ 5.9 ಸೆಂ.ಮೀ. ಆದರೆ ವಿಸ್ತೀರ್ಣ 27.3 ಚದರ ಸೆಂ.ಮೀ. ಶಬ್ದದ ವೇಗ ಸೆಕೆಂಡಿಗೆ 345 ಮೀಟರ್ ಅಂತ ಇಟ್ಟುಕೊಂಡು ಹೆಲ್ಮ್‌ಹೋಲ್ಟ್ಸ್ ಸೂತ್ರಕ್ಕೆ 27 ಲೀಟರ್, 43 ಹರ್ಟ್ಸ್ ಹಾಕಿದರೆ ಉದ್ದ 16.5 ಸೆಂ.ಮೀ. ಬರುತ್ತದೆ. ಆದರೆ ಪೈಪನ್ನು ಅಷ್ಟಕ್ಕೇ ಕುಯ್ಯಬೇಡಿ! ಕೊಳವೆಯ ಎರಡೂ ಬಾಯಿಯ ಹೊರಗೆ ಸ್ವಲ್ಪ ಗಾಳಿ ಕೊಳವೆಯ ಗಾಳಿಯ ಜೊತೆಯಲ್ಲೇ ಅಲ್ಲಾಡುತ್ತದೆ. ಆ ಉದ್ದ ಸುಮಾರು ತ್ರಿಜ್ಯದ 1.46 ಪಟ್ಟು, ಇಲ್ಲಿ 4.3 ಸೆಂ.ಮೀ. ಅದನ್ನು ಕಳೆದರೆ ನಿಜವಾದ ಪೈಪ್ 12.2 ಸೆಂ.ಮೀ.

ಬಾವಿ ಎಲ್ಲಿತ್ತು?

ಈಗ ಅಮ್ಮನ ಮಾತಿಗೆ ಬರೋಣ. ಹಳೇ ಪೆಟ್ಟಿಗೆಯಲ್ಲಿ 20ರಿಂದ 1000 ಹರ್ಟ್ಸ್‌ವರೆಗೆ ಸ್ವೀಪ್ ಓಡಿಸಿ, ಫೋನನ್ನು ಕೊಳವೆಯ ಬಾಯಿ ಹತ್ತಿರ ಹಿಡಿದು ಸ್ಪೆಕ್ಟ್ರಮ್ ಆ್ಯಪ್ ನೋಡಿದೆ. 205 ಹರ್ಟ್ಸ್ ಹತ್ತಿರ ಒಂದು ಬೆಟ್ಟ ಎದ್ದಿತ್ತು. ಯಾಕೆ 205?

ಪಿಯುಸಿಯಲ್ಲಿ ಓದಿದ ಸ್ಟ್ಯಾಂಡಿಂಗ್ ವೇವ್ ನೆನಪು ಮಾಡಿಕೊಳ್ಳಿ. ಎರಡೂ ಕಡೆ ಮುಚ್ಚಿದ ಉದ್ದನೆಯ ಕೊಳವೆಯಲ್ಲಿ ಮೊದಲ ಸ್ಟ್ಯಾಂಡಿಂಗ್ ವೇವ್ ಬರುವುದು ಉದ್ದ ಅಲೆಯ ಅರ್ಧ ಆದಾಗ. ಒಳ ಎತ್ತರ 0.84 ಮೀಟರ್. 345 ÷ (2 × 0.84) = 205 ಹರ್ಟ್ಸ್. ಸರಿಯಾಗಿ ಅದೇ!

ದೊಡ್ಡ ಹೆಂಗಸರು ಮಾತಾಡುವಾಗ ದನಿಯ ಮೂಲ ಫ್ರೀಕ್ವೆನ್ಸಿ ಸಾಮಾನ್ಯವಾಗಿ 165ರಿಂದ 255 ಹರ್ಟ್ಸ್ ನಡುವೆ ಇರುತ್ತದೆ. ಅಜ್ಜಿಯದು ತಗ್ಗು ದನಿ. ಅವರ ಹಾಡು ಆ 205ನ್ನು ಮುಟ್ಟಿದಾಗಲೆಲ್ಲ ಪೆಟ್ಟಿಗೆಯೂ ಜೊತೆಗೆ ಹಾಡುತ್ತಿತ್ತು. ಅಜ್ಜಿ ನಿಲ್ಲಿಸಿದ ಮೇಲೂ ಒಂದು ಚೂರು ಹಾಡುತ್ತಿತ್ತು. ಎತ್ತರದ ಟೊಳ್ಳು ಕಂಬದೊಳಗೆ ದನಿ ಮೇಲೆ ಕೆಳಗೆ ಓಡಾಡುವುದು ಬಾವಿಯಲ್ಲದೆ ಇನ್ನೇನು? ಸಿನಿಮಾ ಹಾಡಿನ ಡ್ರಮ್ ಸದ್ದಿನಲ್ಲಿ ನನಗೆ ಗೊತ್ತಾಗಲಿಲ್ಲ, ಅಮ್ಮನಿಗೆ ಅವರಮ್ಮನ ದನಿ ಗೊತ್ತಿತ್ತು. ಟವರ್ ಕಟ್ಟುವವರೆಲ್ಲ ಇದನ್ನು ನೆನಪಿಡಬೇಕು. ಪುಟ್ಟ ಪೆಟ್ಟಿಗೆಯಲ್ಲಿ ಈ ಅಲೆ ಮೇಲಿನ ಫ್ರೀಕ್ವೆನ್ಸಿಗೆ ಹೋಗಿ ಸುಲಭವಾಗಿ ಹೀರಿಕೊಳ್ಳುತ್ತದೆ. ಉದ್ದ ಪೆಟ್ಟಿಗೆಯಲ್ಲಿ ಅದು ಮನುಷ್ಯರ ದನಿಯ ಮಧ್ಯೆಯೇ ಬಂದು ಕೂರುತ್ತದೆ.

ಪರಿಹಾರ ಎರಡು. ಒಂದು, ಈ ಅಲೆಯ ಒತ್ತಡ ಪೆಟ್ಟಿಗೆಯ ಮೇಲ್ತುದಿ ಮತ್ತು ಕೆಳತುದಿಯಲ್ಲಿ ಅತಿ ಹೆಚ್ಚು, ನಡುಮಧ್ಯದಲ್ಲಿ ಸೊನ್ನೆ. ನಾನು ಕೊಳವೆಯನ್ನು ಕೆಳತುದಿಯಲ್ಲಿ ಇಟ್ಟಿದ್ದೆ, ಅಂದರೆ 205ಕ್ಕೆ ಹೊರಗೆ ಹೋಗೋಕೆ ಬಾಗಿಲು ತೆರೆದು ಕೊಟ್ಟಿದ್ದೆ. ಹೊಸ ಪೆಟ್ಟಿಗೆಯಲ್ಲಿ ಕೊಳವೆಯನ್ನು ಹಿಂಬದಿಯಲ್ಲಿ, ಒಳಗಿನ ಎತ್ತರದ ಸರಿ ಅರ್ಧಕ್ಕೆ, 42 ಸೆಂ.ಮೀ.ನಲ್ಲಿ ಇಟ್ಟೆ. ಬೇಸ್‌ಗೆ ಇದರಿಂದ ನಷ್ಟ ಇಲ್ಲ. ಆದರೆ 410 ಹರ್ಟ್ಸ್‌ನ ಎರಡನೇ ಅಲೆಗೆ ನಡುಮಧ್ಯದಲ್ಲೇ ಒತ್ತಡ ಹೆಚ್ಚು, ಅದು ಸ್ವಲ್ಪ ಸೋರುತ್ತದೆ. ಅದಕ್ಕೇ ಕೊಳವೆ ಹಿಂದಕ್ಕೆ. ಗೋಡೆಯಿಂದ ಒಂದು ಗೇಣು ಜಾಗ ಬಿಟ್ಟು ಇಟ್ಟರೆ ಸಾಕು.

ಎರಡು, ಹೀರಿಕೊಳ್ಳುವ ವಸ್ತು. ಇದನ್ನು ಗೋಡೆಗೆ ಮಾತ್ರ ಅಂಟಿಸಿದರೆ 205ಕ್ಕೆ ಏನೂ ಆಗಲ್ಲ. ನಾರು ಕೆಲಸ ಮಾಡೋದು ಗಾಳಿ ಜೋರಾಗಿ ಓಡಾಡುವ ಜಾಗದಲ್ಲಿ, ಅಂದರೆ ಮಧ್ಯದ ಭಾಗದಲ್ಲಿ. ಹಳೇ ದಿಂಬಿನ ಪಾಲಿಯೆಸ್ಟರ್ ನಾರನ್ನು ಹಿಂಜಿ, ಕೊಳವೆಯ ಒಳಬಾಯಿಯ ಸುತ್ತ ಜಾಗ ಬಿಟ್ಟು, ಅದರ ಮೇಲೊಂದು ಕೆಳಗೊಂದು ಮೆತ್ತೆಯಂತೆ ಅಡ್ಡಲಾಗಿ ಕೂರಿಸಿದೆ. ಕೊಳವೆಯ ಬಾಯಿ ಮುಚ್ಚಿದರೆ ಬೇಸ್ ಸತ್ತುಹೋಗುತ್ತದೆ, ಹುಷಾರು.

ಕಟ್ಟುವ ಕೆಲಸ

ಈ ಸಲ 18 ಎಂಎಂ ಪ್ಲೈ. ಹಲಗೆಯ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 12ರ ಬದಲು 18 ಹಾಕಿದರೆ ಅದೇ ಮರದಲ್ಲಿ 3.4 ಪಟ್ಟು ಬಿಗಿ. ಮದ್ದೂರಿನಲ್ಲಿ ನಮ್ಮ ಮನೆ ಹತ್ತಿರದ ಆಚಾರ್ರ ಹತ್ತಿರ ಅಳತೆ ಚೀಟಿ ತಗೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: "ಇದು ಒಳ ಅಳತೆನೋ ಹೊರ ಅಳತೆನೋ ಹೇಳಪ್ಪಾ." ಇಡೀ ಡಿಸೈನ್‌ನಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾರೂ ಕೇಳಿರಲಿಲ್ಲ. ಗಾಳಿ ಇರೋದು ಒಳಗೆ, ಲೆಕ್ಕ ಇರೋದೂ ಒಳಗಿನದು. ಕೂತು ಇಬ್ಬರೂ ಪಟ್ಟಿ ಮಾಡಿದೆವು:

ಮುಂದೆ, ಹಿಂದೆ: 21.6 × 87.6 ಸೆಂ.ಮೀ., ಎರಡು.
ಪಕ್ಕದ ಹಲಗೆ: 20 × 87.6 ಸೆಂ.ಮೀ., ಎರಡು.
ಮೇಲೆ, ಕೆಳಗೆ: 18 × 20 ಸೆಂ.ಮೀ., ಎರಡು.

ಎಂಟು ಅಡಿ, ನಾಲ್ಕು ಅಡಿಯ ಒಂದು ಶೀಟಿನಲ್ಲಿ ಎರಡು ಟವರ್ ಆಗುತ್ತದೆ. ಉಳಿದ ತುಂಡಿನಲ್ಲಿ ಮಧ್ಯೆ ದೊಡ್ಡ ಕಿಂಡಿ ಕೊರೆದ ಎರಡು ಚೌಕಟ್ಟು ಮಾಡಿ, ಗೋಡೆಗಳು ನಡುಗದ ಹಾಗೆ ಒಳಗೆ ಅಡ್ಡಲಾಗಿ ಕೂರಿಸಿದೆವು. ಅವುಗಳನ್ನು ಸರಿ ಅರ್ಧಕ್ಕೋ ಸರಿ ಮೂರನೇ ಒಂದಕ್ಕೋ ಇಡಬೇಡಿ. ಹಲಗೆ ಸಮ ಭಾಗವಾದರೆ ಎಲ್ಲ ತುಂಡೂ ಒಂದೇ ಫ್ರೀಕ್ವೆನ್ಸಿಯಲ್ಲಿ ನಡುಗುತ್ತವೆ.

ಕೀಲುಗಳಿಗೆ ಫೆವಿಕಾಲ್, ಮೇಲೆ ಸ್ಕ್ರೂ. ಸಂದು ಇದ್ದ ಕಡೆ ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬೋದು ಆಚಾರ್ರ ಐಡಿಯಾ. ಮುಚ್ಚಿದ ಮೇಲೆ ರಾತ್ರಿ ಲೈಟ್ ಆರಿಸಿ, ಒಳಗೆ ಟಾರ್ಚ್ ಇಟ್ಟು ನೋಡಿ. ಬೆಳಕು ಸೋರಿದ ಕಡೆ ಗಾಳಿಯೂ ಸೋರುತ್ತದೆ. ವೂಫರ್ ಅಂಚಿಗೆ ತೆಳು ಫೋಮ್ ಟೇಪ್ ಹಾಕಿ ಬಿಗಿಮಾಡಿ.

ಪೈಪನ್ನು ಮೊದಲು 14 ಸೆಂ.ಮೀ. ಬಿಟ್ಟಿದ್ದೆ. ಜಾಸ್ತಿ ಇದ್ದರೆ ಕುಯ್ಯಬಹುದು, ಕಡಿಮೆಯಾದರೆ ಬೆಳೆಸೋಕಾಗಲ್ಲ. ಮತ್ತೆ ಇಂಪೀಡೆನ್ಸ್ ಅಳೆದೆ. ಈಗ ಒಂದರ ಬದಲು ಎರಡು ಶಿಖರ, ನಡುವೆ ಒಂದು ಕಣಿವೆ. ಆ ಕಣಿವೆಯೇ ಟ್ಯೂನಿಂಗ್. 41 ಹರ್ಟ್ಸ್ ಬಂತು. 12.2ಕ್ಕೆ ಕುಯ್ದ ಮೇಲೆ 43ಕ್ಕೆ ಬಂದು ನಿಂತಿತು. ಲೆಕ್ಕ ಮತ್ತು ಪ್ಲೈವುಡ್ ಒಂದೇ ಉತ್ತರ ಕೊಟ್ಟ ಆ ಸಂಜೆ ನನಗೆ ಎಂಜಿನಿಯರಿಂಗ್ ಸೇರಿದ್ದು ಸಾರ್ಥಕ ಅನ್ನಿಸಿತು, ಸುಳ್ಳಲ್ಲ.

ಕ್ರಾಸ್‌ಓವರ್

ಟ್ವೀಟರ್‌ಗೆ ಬೇಸ್ ಹೋದರೆ ಸುಟ್ಟುಹೋಗುತ್ತದೆ, ವೂಫರ್‌ಗೆ ಹೈ ಹೋದರೆ ಒರಟು. ಇಬ್ಬರಿಗೂ ಪಾಲು ಮಾಡಿಕೊಡೋದು ಕ್ರಾಸ್‌ಓವರ್. ನಾನು 3000 ಹರ್ಟ್ಸ್‌ನಲ್ಲಿ ಎರಡನೇ ಆರ್ಡರ್ ಲಿಂಕ್‌ವಿಟ್ಸ್-ರೈಲಿ ಹಾಕಿದೆ. 8 ಓಮ್‌ಗೆ ಲೆಕ್ಕ ಹಾಕಿದರೆ ಕೆಪಾಸಿಟರ್ 3.3 ಮೈಕ್ರೋಫ್ಯಾರಡ್, ಕಾಯಿಲ್ 0.85 ಮಿಲಿಹೆನ್ರಿ. ಟ್ವೀಟರ್‌ಗೆ ಕೆಪಾಸಿಟರ್ ಸೀರೀಸ್, ಕಾಯಿಲ್ ಪ್ಯಾರಲಲ್. ವೂಫರ್‌ಗೆ ಅದರ ಉಲ್ಟಾ. ಈ ಸರ್ಕ್ಯೂಟ್‌ನಲ್ಲಿ ಎರಡರ ನಡುವೆ 180 ಡಿಗ್ರಿ ಫೇಸ್ ವ್ಯತ್ಯಾಸ ಬರುವುದರಿಂದ ಟ್ವೀಟರ್‌ನ ಪ್ಲಸ್ ಮೈನಸ್ ಅದಲುಬದಲು ಮಾಡಬೇಕು. ನಿಜವಾದ ಸ್ಪೀಕರ್‌ನ ಇಂಪೀಡೆನ್ಸ್ ಎಲ್ಲ ಕಡೆ 8 ಓಮ್ ಇರಲ್ಲ, ಹಾಗಾಗಿ ಇದು ಆರಂಭದ ಲೆಕ್ಕ ಅಷ್ಟೇ. ಎರಡೂ ರೀತಿ ವೈರ್ ಹಾಕಿ ಕೇಳಿ, ಮಧ್ಯದ ದನಿ ತುಂಬಿ ಬರುವುದನ್ನು ಇಟ್ಟುಕೊಳ್ಳಿ.

ಎರಡನೇ ತೀರ್ಪು

ಟವರ್ ಅನ್ನು ಹಾಲ್‌ನಲ್ಲಿ ನಿಲ್ಲಿಸಿ, ಗೋಡೆಯಿಂದ ಒಂದು ಗೇಣು ಬಿಟ್ಟು, ಅಮ್ಮನನ್ನು ಕರೆದೆ. "ಮತ್ತೆ ಬಾವಿನಾ?" ಅಂತಲೇ ಬಂದು ಚಾಪೆ ಮೇಲೆ ಕೂತರು. ಈ ಸಲ ಸಿನಿಮಾ ಹಾಡು ಹಾಕಿ ಎದೆ ನಡುಗಿಸೋಕೆ ಹೋಗಲಿಲ್ಲ. ನೇರವಾಗಿ ಕ್ಯಾಸೆಟ್.

ಮೊದಲು ಟೇಪಿನ ಸರಸರ ಸದ್ದು. ಆಮೇಲೆ ಅಜ್ಜಿ ಎತ್ತಿಕೊಂಡರು, ಉಳಿದವರು ಹಿಂದೆ ಸೇರಿದರು. ಅಮ್ಮ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಬಳೆ ಸದ್ದೂ ಕೇಳ್ತೈತಲ್ಲೋ" ಅಂದರು. ಆಮೇಲೆ ಒಂದೊಂದೇ ದನಿ ಗುರುತು ಹಿಡಿಯೋಕೆ ಶುರು ಮಾಡಿದರು. "ಇದು ಎದುರುಮನೆ ದೊಡ್ಡವ್ವ. ಇದು ಚಿಕ್ಕತ್ತೆ, ಯಾವಾಗ್ಲೂ ಅರ್ಧ ತಾಳ ಹಿಂದೆ. ಇಲ್ಲಿ ಕೆಮ್ಮಿದ್ದು ನಾನೇ ಕಣ್ಲಾ, ಅವತ್ತು ನಂಗೆ ಜ್ವರ." ಆ ಕ್ಯಾಸೆಟ್‌ನಲ್ಲಿ ಅಮ್ಮ ಇದ್ದಾರೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹಾಡು ಮುಗಿದ ಮೇಲೆ "ಮಾವನಿಗೂ ಕೇಳಿಸ್ಬೇಕು" ಅಂದರು. ಮುಂದಿನ ಭಾನುವಾರ ಟವರ್ ಬಸ್ ಹತ್ತಿ ಮಳವಳ್ಳಿ ಕಡೆ ಹೋಯಿತು. ಅದಕ್ಕೂ ಲಗೇಜ್ ಟಿಕೆಟ್ ಆಯಿತು.

ನಾನು ಕಲಿತದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ವೂಫರ್ ಅಳೆಯದೆ ಮರ ಕುಯ್ಯಬೇಡಿ. ಯಾವಾಗಲೂ ಒಳ ಅಳತೆ. ಟವರ್ ಆದರೆ ಉದ್ದದ ಸ್ಟ್ಯಾಂಡಿಂಗ್ ವೇವ್ ಎಲ್ಲಿ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ, ಕೊಳವೆ ಮತ್ತು ನಾರಿನ ಜಾಗ ಅದಕ್ಕೆ ತಕ್ಕಂತೆ ಇಡಿ. ಹಾಡಬೇಕಾದದ್ದು ಹಾಡುವವರು, ಪೆಟ್ಟಿಗೆ ಅಲ್ಲ. ಕೊನೆಯ ಪರೀಕ್ಷೆಗೆ ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ದನಿ ಹಾಕಿ, ಆ ದನಿ ನಿಮಗಿಂತ ಚೆನ್ನಾಗಿ ಗೊತ್ತಿರುವವರನ್ನು ಕೂರಿಸಿ ಕೇಳಿಸಿ. ಆ್ಯಪ್ ತಪ್ಪಿದರೂ ಅವರು ತಪ್ಪಲ್ಲ.

ಉಳಿದ ಅರ್ಧ ಶೀಟ್ ಪ್ಲೈ ನಮ್ಮ ಮನೆ ಜಗುಲಿಯಲ್ಲಿ ಒರಗಿದೆ. ಎರಡನೇ ಟವರ್ ಕಟ್ಟೋಕೆ ಯಾರಾದರೂ ಜೊತೆಗೆ ಬರ್ತೀರಾದರೆ ಸಂಘದ ಮೀಟಿಂಗ್‌ನಲ್ಲಿ ಸಿಗಿ. ಚಪಾತಿ ಹಿಟ್ಟು ನಾನು ತರುತ್ತೇನೆ.